ಮನೆವಾರ್ತೆಯ ಲೆಕ್ಕ

ಕನ್ನಡ ಬೈಬಲಿನ ಪರಿಚಯವಿದ್ದವರಿಗೆ ‘ಮನೆವಾರ್ತೆಯವನು’ ಎಂಬ ಮಾತು ಹೊಸದಲ್ಲ. ಯಜಮಾನನ ಮನೆ, ಹೊಲ, ಕಣಜ, ಆಳುಕಾಳುಗಳು ಎಲ್ಲವನ್ನೂ ನೋಡಿಕೊಂಡು ಕೊನೆಗೊಂದು ದಿನ ಲೆಕ್ಕ ಒಪ್ಪಿಸಬೇಕಾದವನು ಅವನು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಈ ಸ್ಥಾನದಲ್ಲಿರುವ ಶಬ್ದ ‘ಓಯ್ಕೊನೊಮೊಸ್’. ಅದರಲ್ಲಿ ‘ಓಯ್ಕೊಸ್’ ಎಂದರೆ ಮನೆ. ಇಂದು ನಾವು ಅರ್ಥಶಾಸ್ತ್ರವೆಂದು ಕರೆಯುವ ವಿದ್ಯೆಗೆ ಇಂಗ್ಲಿಷಿನಲ್ಲಿರುವ ‘ಎಕನಾಮಿಕ್ಸ್’ ಎಂಬ ಹೆಸರೂ ಇದೇ ಬೇರಿನಿಂದ ಚಿಗುರಿದುದು. ಕನ್ನಡದ ಮಾತನ್ನು ಬಿಡಿಸಿ ನೋಡಿದರೆ ಇನ್ನೂ ಸೊಗಸಾದ ಅರ್ಥ ಹೊಳೆಯುತ್ತದೆ. ನಾವು ಈಗ ‘ವಾರ್ತೆ’ ಎಂದೊಡನೆ ಸುದ್ದಿಯೆಂದು ತಿಳಿಯುತ್ತೇವೆ. ಆದರೆ ಕೌಟಿಲ್ಯನ ಕಾಲಕ್ಕೆ ವಾರ್ತೆಯೆಂದರೆ ಬೇಸಾಯ, ಪಶುಪಾಲನೆ, ವಾಣಿಜ್ಯ ಈ ಮೂರನ್ನೂ ಒಳಗೊಂಡ ಜೀವನೋಪಾಯ. ಮನೆಯ ಬಾಳುವೆಯನ್ನು ನಡೆಸಿಕೊಂಡು ಹೋಗುವುದೇ ಮನೆವಾರ್ತೆ. ಬಾಳುವೆ ತನ್ನ ಕೈಯಲ್ಲಿದ್ದರೂ ಮನೆ ತನ್ನದಲ್ಲ ಎಂಬ ಅರಿವು ಅದರ ಜೀವ.

ಕ್ರೈಸ್ತ ಧರ್ಮದ ನಡೆನುಡಿಗಳಲ್ಲಿ ಈ ಒಂದು ಕಲ್ಪನೆಗೆ ಇರುವ ತೂಕವನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ; ಒಳಗಿನವರು ಅದನ್ನು ಭಾನುವಾರದ ಕಾಣಿಕೆಯ ಚೀಲಕ್ಕೆ ಇಳಿಸಿ ಮರೆತುಬಿಡುವುದುಂಟು. ಯೇಸುವಿನ ಸಾಮತಿಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಪರದೇಶಕ್ಕೆ ಹೊರಟ ಯಜಮಾನನೊಬ್ಬ ತನ್ನ ಆಳುಗಳಿಗೆ ತಲಾಂತುಗಳನ್ನು ವಹಿಸಿಕೊಟ್ಟ ಕಥೆಯನ್ನು ಅನೇಕರು ಬಲ್ಲರು. ಅದರಲ್ಲಿ ಶಿಕ್ಷೆಗೊಳಗಾದವನು ಹಣವನ್ನು ಕದ್ದವನಲ್ಲ, ಪೋಲು ಮಾಡಿದವನೂ ಅಲ್ಲ. ಹೆದರಿ ನೆಲದಲ್ಲಿ ಹೂತಿಟ್ಟು, ಹಾಗೆಯೇ ಹಿಂದಿರುಗಿಸಿದವನು. ಲೂಕನ ಸುವಾರ್ತೆಯಲ್ಲಿ ಬರುವ ಇನ್ನೊಬ್ಬ ಮನೆವಾರ್ತೆಯವನು ಅಪ್ರಾಮಾಣಿಕ. ಕೆಲಸ ಹೋಗುವುದು ಖಚಿತವಾದಾಗ ಸಾಲಗಾರರನ್ನು ಕರೆದು ಅವರ ಪತ್ರಗಳಲ್ಲಿ ಸಾಲದ ಮೊತ್ತವನ್ನೇ ಇಳಿಸಿ ಬರೆಸುತ್ತಾನೆ. ಯಜಮಾನ ಅವನ ಜಾಣತನವನ್ನು ಮೆಚ್ಚಿದನೆಂಬ ಮಾತು ಇಂದಿಗೂ ವ್ಯಾಖ್ಯಾನಕಾರರನ್ನು ಕಾಡುತ್ತಿದೆ. ಎರಡು ಕಥೆಗಳಲ್ಲಿಯೂ ನಿಶ್ಚಿತವಾಗಿರುವುದು ಒಂದೇ: ಲೆಕ್ಕ ಕೇಳುವ ದಿನ ಬಂದೇ ಬರುತ್ತದೆ.

ಆದಿ ಸಭೆಯ ಚರಿತ್ರೆಯಲ್ಲಿ ಈ ಲೆಕ್ಕದ ಪ್ರಶ್ನೆ ಬಹು ಬೇಗ ತಲೆಯೆತ್ತಿತು. ಅಪೊಸ್ತಲರ ಕೃತ್ಯಗಳನ್ನು ಓದಿದರೆ, ಯೆರೂಸಲೇಮಿನ ಮೊದಲ ವಿಶ್ವಾಸಿಗಳು ತಮ್ಮ ಆಸ್ತಿಯನ್ನು ಮಾರಿ ಹಂಚಿಕೊಂಡು ಬಾಳಿದರೆಂಬ ಸುಂದರ ಚಿತ್ರದ ಬೆನ್ನಿಗೇ ಒಂದು ಗೊಣಗಾಟವೂ ಕೇಳಿಸುತ್ತದೆ. ದಿನದಿನದ ಆಹಾರ ಹಂಚಿಕೆಯಲ್ಲಿ ಗ್ರೀಕ್ ಭಾಷೆಯಾಡುವ ವಿಧವೆಯರನ್ನು ಅಲಕ್ಷ್ಯ ಮಾಡಲಾಗುತ್ತಿದೆಯೆಂಬುದೇ ಆ ದೂರು. ಅಪೊಸ್ತಲರು ದೂರನ್ನು ಅಡಗಿಸಲಿಲ್ಲ. ಏಳು ಜನರನ್ನು ಆರಿಸಿ ಆ ಕೆಲಸವನ್ನು ಒಪ್ಪಿಸಿದರು. ಮುಂದೆ ಪೌಲನು ಯೆರೂಸಲೇಮಿನ ಬಡವರಿಗಾಗಿ ದೂರದ ಸಭೆಗಳಿಂದ ಹಣ ಸಂಗ್ರಹಿಸಿದಾಗ ಅದನ್ನು ತಾನೊಬ್ಬನೇ ಒಯ್ಯಲು ಬಯಸಲಿಲ್ಲ. ಸಭೆಗಳು ಆರಿಸಿದ ಸಹಚರರನ್ನು ಜೊತೆಗಿಟ್ಟುಕೊಂಡನು. ದೇವರ ಮುಂದೆ ಶುದ್ಧನಾಗಿದ್ದರೆ ಸಾಲದು, ಮನುಷ್ಯರ ಕಣ್ಣಿಗೂ ಶುದ್ಧವಾಗಿ ಕಾಣಬೇಕೆಂಬುದು ಅವನ ವಿಚಾರ. ಹಣಕಾಸಿನ ವಿಷಯದಲ್ಲಿ ‘ನನ್ನನ್ನು ನಂಬಿರಿ’ ಎಂದು ಹೇಳುವ ಧರ್ಮಗುರುವಿಗೆ ಪೌಲನ ಈ ಎಚ್ಚರ ಒಂದು ಪಾಠ.

ಈ ತತ್ತ್ವವನ್ನು ಗಾಳಿಯಲ್ಲಿಟ್ಟು ಚರ್ಚಿಸುವುದಕ್ಕಿಂತ ನಮ್ಮ ನೆಲದ ಒಂದು ಚರಿತ್ರೆಯಲ್ಲಿಟ್ಟು ನೋಡುವುದು ಮೇಲು. ಕನ್ನಡ ನಾಡಿನ ಪಾಲಿಗೆ ಅಂಥ ಚರಿತ್ರೆ ಬಾಸೆಲ್ ಮಿಷನ್ನಿನದು. ಕನ್ನಡದ ವಿದ್ಯಾರ್ಥಿಗಳಾದ ನಾವು ಆ ಸಂಸ್ಥೆಯನ್ನು ಸಾಮಾನ್ಯವಾಗಿ ಕಿಟ್ಟೆಲ್ಲರ ನಿಘಂಟು, ಮೋಗ್ಲಿಂಗರ ‘ಮಂಗಳೂರ ಸಮಾಚಾರ’ ಇವುಗಳ ಮೂಲಕ ನೆನೆಯುತ್ತೇವೆ. ಅವು ನೆನೆಯತಕ್ಕವೇ. ಆದರೆ ನಿಘಂಟು ಬರೆದವರ ಸುತ್ತ ಒಂದು ಜನಸಮುದಾಯ ಬದುಕಬೇಕಾಗಿತ್ತು. ಅದರ ಅನ್ನ, ಬಟ್ಟೆ, ಸೂರುಗಳ ಮನೆವಾರ್ತೆಯನ್ನು ಯಾರೋ ನೋಡಬೇಕಾಗಿತ್ತು. ಆ ಕಥೆ ಅಷ್ಟಾಗಿ ನಮ್ಮ ಕಿವಿಗೆ ಬಿದ್ದಿಲ್ಲ.

ಬಾಸೆಲ್ ಮಿಷನ್ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ೧೮೧೫ರಲ್ಲಿ ಹುಟ್ಟಿದ ಸಂಸ್ಥೆ. ಈಸ್ಟ್ ಇಂಡಿಯಾ ಕಂಪನಿಯ ೧೮೩೩ರ ಸನ್ನದು ಬ್ರಿಟಿಷರಲ್ಲದ ಮಿಷನರಿಗಳಿಗೂ ಇಂಡಿಯಾದ ಬಾಗಿಲನ್ನು ತೆರೆಯಿತು. ಮರುವರ್ಷವೇ, ೧೮೩೪ರಲ್ಲಿ, ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರಿಗೆ ಬಂದರು. ೧೮೩೬ರಲ್ಲಿ ಹೆರ್ಮನ್ ಮೋಗ್ಲಿಂಗ್ ಬಂದು ಸೇರಿದರು. ಧಾರವಾಡ, ಹುಬ್ಬಳ್ಳಿ, ಗದಗಿನ ಬೆಟಗೇರಿಗಳಿಗೂ ಕೆಲಸ ಹಬ್ಬಿತು. ಬಂದವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯವರು. ರೈತರ, ಕಸುಬುಗಾರರ ಮನೆಗಳಲ್ಲಿ ಬೆಳೆದವರು. ಭಕ್ತಿಯೂ ದುಡಿಮೆಯೂ ಒಂದೇ ನೊಗದ ಎರಡು ಎತ್ತುಗಳೆಂದು ನಂಬಿದ್ದ ಪಂಥದಿಂದ ಬಂದವರು. ಸೋಮಾರಿತನವನ್ನು ಅವರು ಪಾಪಗಳ ಪಟ್ಟಿಯಲ್ಲಿ ಬಹಳ ಮೇಲೆ ಇಟ್ಟಿದ್ದರು.

ಆದರೆ ಕಾರ್ಖಾನೆಗಳನ್ನು ಕಟ್ಟಬೇಕೆಂದು ಅವರು ಹಡಗು ಹತ್ತಿರಲಿಲ್ಲ. ಕಾರ್ಖಾನೆ ಇಲ್ಲಿನ ಪರಿಸ್ಥಿತಿಯ ಕೂಸು. ದಕ್ಷಿಣ ಕನ್ನಡದಲ್ಲಿ ಅವರ ಬೋಧನೆಗೆ ಒಲಿದವರಲ್ಲಿ ದೊಡ್ಡ ಸಂಖ್ಯೆಯವರು ಬಿಲ್ಲವರು. ತೆಂಗು ತಾಳೆಗಳ ಮೂರ್ತೆ ಆ ಸಮುದಾಯದ ಅನೇಕರ ಕುಲಕಸುಬು. ಕಳ್ಳಿಳಿಸುವ ಕಸುಬು ಹೊಸ ಧರ್ಮದ ಶಿಸ್ತಿಗೆ ಒಗ್ಗಲಿಲ್ಲ; ದೀಕ್ಷಾಸ್ನಾನವಾದವನು ಅದನ್ನು ಬಿಡಬೇಕಾಯಿತು. ಭೂಮಿಯನ್ನು ನಂಬಿದವರ ಸ್ಥಿತಿಯೂ ಹಾಗೆಯೇ. ಚಾಲಗೇಣಿಯ ಒಕ್ಕಲಿಗೆ ಭೂಮಿಯ ಮೇಲೆ ಸ್ಥಿರವಾದ ಹಕ್ಕೇನೂ ಇರಲಿಲ್ಲ. ಧಣಿಯ ಮನಸ್ಸು ಕೆಟ್ಟರೆ ಒಕ್ಕಲು ಹೋಗಬಹುದಾಗಿತ್ತು. ಕುಟುಂಬದಿಂದ ದೂರವಾದವನಿಗೆ ಅಳಿಯಸಂತಾನದ ಮನೆಯ ಆಸರೆಯೂ ತಪ್ಪುತ್ತಿತ್ತು. ಹೀಗೆ ಒಬ್ಬ ಮನುಷ್ಯ ಮತಾಂತರಗೊಂಡ ದಿನವೇ ಕಸುಬು, ನೆಲ, ನೆಂಟಸ್ತಿಕೆ ಮೂರನ್ನೂ ಕಳೆದುಕೊಳ್ಳುವ ಸಂಭವವಿತ್ತು. ಅವನಿಗೆ ಪ್ರಾರ್ಥನೆ ಕಲಿಸಿದವರು ಮರುದಿನದ ಗಂಜಿಯ ಪ್ರಶ್ನೆಗೂ ಉತ್ತರ ಹೇಳಬೇಕಾಯಿತು.

ಮೊದಲ ಉತ್ತರ ಭೂಮಿ. ಮಂಗಳೂರಿನ ಬಲ್ಮಠದ ಗುಡ್ಡ ೧೮೪೦ರಲ್ಲಿ ಅಂದಿನ ಕಲೆಕ್ಟರ್ ಬ್ಲೇರ್ ಅವರ ಕೊಡುಗೆಯಾಗಿ ಮಿಷನ್ನಿಗೆ ದೊರೆಯಿತು. ಶಾಲೆ, ವೇದಶಾಲೆ, ಮುದ್ರಣಾಲಯಗಳ ಜೊತೆಗೆ ಕ್ರೈಸ್ತ ಕುಟುಂಬಗಳ ವಸತಿಯೂ ಅಲ್ಲಲ್ಲಿ ಬೆಳೆಯಿತು. ಬೆಟಗೇರಿಯ ಬಳಿಯ ಮಲಸಮುದ್ರದಲ್ಲಿ ಬೇಸಾಯದ ವಸತಿಯನ್ನು ಕಟ್ಟುವ ಯತ್ನ ನಡೆಯಿತು; ಕೊಡಗಿನ ಆನಂದಪುರದಲ್ಲಿ ಹೊಲೆಯ ಸಮುದಾಯದಿಂದ ಬಂದವರಿಗಾಗಿ ಊರೊಂದು ಕಾಫಿ ತೋಟದ ಆಸರೆಯಲ್ಲಿ ಎದ್ದಿತು. ಆದರೆ ಬೇಸಾಯದ ಈ ಯತ್ನಗಳು ಎಲ್ಲ ಕಡೆಯೂ ಕೈಗೂಡಲಿಲ್ಲ. ಹೊಸಬರ ಸಂಖ್ಯೆಗೆ ತಕ್ಕಷ್ಟು ನೆಲ ಸಿಕ್ಕುವುದು ಕಷ್ಟ, ಸಿಕ್ಕಿದ ನೆಲದಿಂದ ಬೇಗ ಫಲ ಬರುವುದು ಇನ್ನೂ ಕಷ್ಟ.

ಎರಡನೆಯ ಉತ್ತರ ಕೈಗಾರಿಕೆ. ೧೮೪೧ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ೧೮೫೧ರಲ್ಲಿ ಜಾನ್ ಹಾಲರ್ ಎಂಬ ನುರಿತ ನೇಕಾರ ಬಂದ ಮೇಲೆ ನೇಯ್ಗೆಯ ಕೆಲಸ ನೆಲೆಗೊಂಡಿತು. ಖಾಕಿ ಬಣ್ಣವನ್ನು ಇಲ್ಲಿ ರೂಢಿಗೆ ತಂದವನು ಇವನೇ ಎಂಬ ಹೇಳಿಕೆ ಮಂಗಳೂರಿನಲ್ಲಿ ಇಂದಿಗೂ ಪ್ರಚಲಿತವಾಗಿದೆ. ಮುದ್ರಣದ ಕೆಲಸಕ್ಕೆಂದು ಬಂದಿದ್ದ ಗಿಯೋರ್ಗ್ ಪ್ಲೆಬ್ಸ್ಟ್ ನೇತ್ರಾವತಿಯ ದಂಡೆಯ ಆವೆಮಣ್ಣನ್ನು ಕಂಡು, ಅದನ್ನು ಪರೀಕ್ಷಿಸಿ, ೧೮೬೫ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಒಂದರೊಡನೊಂದು ಬೆಸೆದು ಕೂರುವ ಆ ಚಪ್ಪಟೆ ಹೆಂಚು ಕರಾವಳಿಯ ಮಳೆಗೆ ಹೇಳಿ ಮಾಡಿಸಿದಂತಿತ್ತು. ವರ್ಷವರ್ಷವೂ ಹೊಸದಾಗಿ ಹೊದಿಸಬೇಕಾದ ಹುಲ್ಲಿನ ಮಾಡು, ಬೆಂಕಿಯ ಭಯ, ಇವುಗಳಿಂದ ಜನಕ್ಕೆ ಬಿಡುಗಡೆ ದೊರೆಯಿತು. ಮುಂದೆ ಮಂಗಳೂರಿನ ಕುದ್ರೋಳಿ, ಉಡುಪಿಯ ಬಳಿಯ ಮಲ್ಪೆ, ಮಲಬಾರಿನ ಕೋಡಕ್ಕಲ್, ಪಾಲಕ್ಕಾಡು, ಫರೋಕ್ ಮುಂತಾದೆಡೆಗಳಲ್ಲಿ ಮಿಷನ್ನಿನ ಕಾರ್ಖಾನೆಗಳೆದ್ದವು. ೧೮೭೪ರಲ್ಲಿ ಮಂಗಳೂರಿನಲ್ಲಿ ಯಂತ್ರದ ಕಮ್ಮಟವೂ ಬಂತು. ಸ್ಥಳೀಯ ಉದ್ಯಮಿಗಳು ಇದೇ ದಾರಿ ಹಿಡಿದು, ‘ಮಂಗಳೂರು ಹೆಂಚು’ ಎಂಬುದು ದೇಶವಿದೇಶಗಳಲ್ಲಿ ಪರಿಚಿತವಾದ ಹೆಸರಾಯಿತು.

ಈ ಉದ್ಯಮಗಳ ಒಡೆತನದ ಸ್ವರೂಪವನ್ನು ಗಮನಿಸಬೇಕು. ೧೮೫೯ರಲ್ಲಿ ಬಾಸೆಲ್‌ನಲ್ಲಿ ಮಿಷನ್ನಿನ ವ್ಯಾಪಾರ ಸಂಘವೊಂದು ಬಂಡವಾಳದ ಪಾಲುದಾರರನ್ನು ಕೂಡಿಸಿಕೊಂಡು ರಚಿತವಾಯಿತು. ಪಾಲುದಾರರಿಗೆ ಮಿತವಾದ ಲಾಭಾಂಶ, ಮಿಕ್ಕುದು ಮಿಷನ್ನಿನ ಕಾರ್ಯಕ್ಕೆ ಎಂಬುದು ಅದರ ಕಟ್ಟಳೆ. ಒಬ್ಬನ ಸ್ವಂತ ಐಶ್ವರ್ಯವನ್ನು ಹೆಚ್ಚಿಸಲು ಈ ಆವಿಗೆಗಳು ಉರಿಯಲಿಲ್ಲ. ಕಾರ್ಖಾನೆಯನ್ನು ನಡೆಸಿದ ಮಿಷನರಿ ಕಸುಬುಗಾರರು ಲಾಭದಲ್ಲಿ ಪಾಲು ಬಯಸದೆ, ಮಿಷನ್ ಕೊಟ್ಟ ಜೀವನಾಂಶದಲ್ಲಿ ಬಾಳಿದರು. ಹಲವರು ಈ ಮಣ್ಣಿನಲ್ಲಿಯೇ ಮಣ್ಣಾದರು. ತಲಾಂತನ್ನು ಹೂತಿಡಬಾರದೆಂಬ ಸಾಮತಿಯನ್ನು ಅಕ್ಷರಶಃ ನಡೆಸಿದವರು ಇವರು. ಹೂತಿದ್ದ ಮಣ್ಣನ್ನೇ ಅಗೆದು ತಲಾಂತನ್ನಾಗಿ ಮಾಡಿದರು ಎಂದರೂ ಸಲ್ಲುತ್ತದೆ.

ಕೈಕಸುಬನ್ನು ಕೀಳೆಂದು ಎಣಿಸಿದ ಸಮಾಜದಲ್ಲಿ ಈ ಕಾರ್ಖಾನೆಗಳು ಮಾಡಿದ ಇನ್ನೊಂದು ಕೆಲಸವನ್ನೂ ಹೇಳಬೇಕು. ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಸೂರಿನಡಿ ಒಂದೇ ಮಣ್ಣನ್ನು ತುಳಿದು ದುಡಿದರು. ಕ್ರೈಸ್ತರಲ್ಲದವರೂ ಅಲ್ಲಿ ಕೂಲಿಗೆ ಬಂದರು. ಜಾತಿಯ ಭಾವ ಒಮ್ಮೆಲೇ ಅಳಿಯಿತೆಂದು ಹೇಳಲಾಗದು. ಸಭೆಯ ಒಳಗೂ ಅದರ ಬೇರುಗಳು ಬಹುಕಾಲ ಉಳಿದವು. ಆದರೂ ಗಡಿಯಾರಕ್ಕೆ ಅನುಸಾರವಾದ ದುಡಿಮೆ, ಗೊತ್ತಾದ ಕೂಲಿ, ಭಾನುವಾರದ ಬಿಡುವು, ಇವು ಧಣಿಯ ಅಂಗಳದಲ್ಲಿ ಹೊತ್ತುಗೊತ್ತಿಲ್ಲದೆ ದುಡಿದಿದ್ದವನಿಗೆ ಹೊಸ ಅನುಭವಗಳು.

ಅದೇ ಮನೆವಾರ್ತೆಯ ಇನ್ನೊಂದು ಕೋಣೆಯಲ್ಲಿ ಕನ್ನಡದ ಭಂಡಾರವೂ ತೆರೆಯಿತು. ‘ಮಂಗಳೂರ ಸಮಾಚಾರ’ ೧೮೪೩ರ ಜುಲೈ ಒಂದರಂದು ಹೊರಬಂತು. ಮೋಗ್ಲಿಂಗರು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದುವನ್ನು ಅಚ್ಚಿಗೆ ತಂದರು. ಇದಕ್ಕೆ ಹಣ ಒದಗಿಸಿದವನು ನೀಲಗಿರಿಯಲ್ಲಿ ನೆಲಸಿದ್ದ ಕಾಸಾಮೇಜರ್ ಎಂಬ ನಿವೃತ್ತ ಇಂಗ್ಲಿಷ್ ನ್ಯಾಯಾಧೀಶ. ಕ್ರೈಸ್ತ ಪಾದ್ರಿಯೊಬ್ಬ, ಕ್ರೈಸ್ತ ದಾತನೊಬ್ಬನ ಹಣದಿಂದ, ವೀರಶೈವ ಪುರಾಣವನ್ನೂ ವೈಷ್ಣವ ದಾಸರ ಹಾಡುಗಳನ್ನೂ ಮುದ್ರಿಸಿದ ಈ ಸಂಗತಿ ಮನೆವಾರ್ತೆಯ ಅರ್ಥವನ್ನು ಹಿಗ್ಗಿಸುತ್ತದೆ. ಇಲ್ಲಿನ ಜನರ ಮನಸ್ಸನ್ನು ಅರಿಯಬೇಕೆಂಬ ಪ್ರಚಾರಕನ ಉದ್ದೇಶವೂ ಅದರ ಹಿಂದೆ ಇತ್ತು, ನಿಜ. ಆದರೆ ಕೈಗೆ ಬಂದ ಅನ್ಯರ ನಿಧಿಯನ್ನು ಕೆಡದಂತೆ ಕಾಪಾಡಿ ಮುಂದಿನವರಿಗೆ ದಾಟಿಸಿದ ಫಲ ನಮ್ಮದಾಯಿತು. ಕಿಟ್ಟೆಲ್ಲರು ೧೮೭೨ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ ೧೮೭೫ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಸಂಪಾದಿಸಿದರು. ಅವರ ಮಹಾನಿಘಂಟು ೧೮೯೪ರಲ್ಲಿ ಮಂಗಳೂರಿನ ಅಚ್ಚುಕೂಟದಿಂದಲೇ ಹೊರಬಂತು. ಅದರ ಒಂದೊಂದು ಮೊಳೆಯನ್ನೂ ಜೋಡಿಸಿದ ಕೈಗಳ ಹೆಸರುಗಳು ಮುಖಪುಟದಲ್ಲಿಲ್ಲ.

ಇಲ್ಲಿಯವರೆಗೆ ಹೇಳಿದುದು ಜಮೆಯ ಬದಿ. ಲೆಕ್ಕದ ಪುಸ್ತಕಕ್ಕೆ ಖರ್ಚಿನ ಬದಿಯೊಂದು ಇದ್ದೇ ಇರುತ್ತದೆ. ಅದನ್ನು ಮಡಿಸಿಟ್ಟು ಓದುವವನು ಚರಿತ್ರೆಕಾರನಲ್ಲ.

ಒಬ್ಬ ಸಾಮಾನ್ಯ ಕ್ರೈಸ್ತ ದುಡಿಮೆಗಾರನ ಸ್ಥಿತಿಯನ್ನು ಊಹಿಸಿಕೊಳ್ಳಿ. ಅವನ ಮನೆಯ ಅಡಿಯ ನೆಲ ಮಿಷನ್ನಿನದು. ಅವನಿಗೆ ಕೂಲಿ ಕೊಡುವುದು ಮಿಷನ್ನಿನ ಕಾರ್ಖಾನೆ. ಅವನ ಮಕ್ಕಳು ಓದುವುದು ಮಿಷನ್ನಿನ ಶಾಲೆಯಲ್ಲಿ. ಅವನಿಗೆ ಕರ್ತನ ಭೋಜನವನ್ನು ಬಡಿಸುವವನು ಮಿಷನರಿ. ತಪ್ಪು ನಡೆದರೆ ಅವನನ್ನು ಆ ಪಂಕ್ತಿಯಿಂದ ಹೊರಗಿಡುವವನೂ ಮಿಷನರಿಯೇ. ಧಣಿ, ಯಜಮಾನ, ಗುರು, ನ್ಯಾಯಾಧಿಪತಿ, ನಾಲ್ವರೂ ಒಂದೇ ಅಂಗಿಯೊಳಗೆ ಸೇರಿಬಿಟ್ಟರು. ಕೂಲಿ ಸಾಲದೆಂದು ಗೊಣಗಿದರೆ ಅದು ಕೂಲಿಯ ತಕರಾರೋ, ವಿಶ್ವಾಸದ ಕೊರತೆಯೋ? ಒಕ್ಕಲೆದ್ದು ಹೋಗಲು ಮನಸ್ಸಾದರೆ ಅದು ಮನೆ ಬದಲಾವಣೆಯೋ, ಸಭೆಯಿಂದ ಹೊರನಡೆಯೋ? ಹಳೆಯ ಧಣಿಯ ಗೇಣಿಯಿಂದ ಬಿಡುಗಡೆ ಹೊಂದಿದವನು ಹೆಚ್ಚು ದಯಾಳುವಾದ ಇನ್ನೊಂದು ಧಣಿತನದ ಒಳಗೆ ಬಂದಂತಾಗಿತ್ತು. ದಯೆ ದೊಡ್ಡದೇ, ಆದರೆ ಕೊಡುವವನ ದಯೆಯನ್ನು ನೆಚ್ಚಿ ಬಹುಕಾಲ ಬದುಕಿದವನ ಬೆನ್ನು ನೆಟ್ಟಗಾಗುವುದು ಕಷ್ಟ.

ಈ ಅಪಾಯವನ್ನು ಮಿಷನ್ನಿನವರು ಕಾಣಲಿಲ್ಲವೆಂದಲ್ಲ. ಮಿಷನ್ನಿನ ಇನ್ಸ್‌ಪೆಕ್ಟರ್ ಯೋಸೆಫ್ ಯೋಸೆನ್‌ಹಾನ್ಸ್ ೧೮೫೧-೫೨ರಲ್ಲಿ ಸ್ವತಃ ಇಂಡಿಯಾಕ್ಕೆ ಬಂದು ಎಲ್ಲವನ್ನೂ ಕಂಡು ಹೋದನು. ಆಮೇಲೆ ಸಭೆಗಳಿಗೆ ನಿಬಂಧನೆಗಳು ಬಂದವು; ಹಿರಿಯರ ಮಂಡಲಿಗಳು ಏರ್ಪಟ್ಟವು. ಸುವಾರ್ತೆ ಸಾರುವವರು ವ್ಯಾಪಾರ ಮಾಡಬಹುದೇ ಎಂಬ ಚರ್ಚೆ ಮಿಷನ್ನಿನ ವಲಯದಲ್ಲಿ ಬಹುಕಾಲ ನಡೆಯಿತು. ಆದರೆ ಆ ಚರ್ಚೆ ಬಹುಮಟ್ಟಿಗೆ ವ್ಯಾಪಾರದಿಂದ ಮಿಷನರಿಯ ಆತ್ಮಕ್ಕೆ ಹಾನಿಯಾದೀತೇ ಎಂಬ ಕಡೆಗೇ ತಿರುಗಿತು. ಈ ಆಸ್ತಿಯಲ್ಲಿ ಇಲ್ಲಿನ ಸಭೆಗೆ ಎಂದು, ಹೇಗೆ ಪಾಲು ಬರಬೇಕು ಎಂಬ ಪ್ರಶ್ನೆಗೆ ಅಷ್ಟು ಆತುರವಿರಲಿಲ್ಲ. ಮಕ್ಕಳು ದೊಡ್ಡವರಾಗಲಿ ಎಂದು ಹಿರಿಯರು ಕಾದರು. ಮಕ್ಕಳಿಗೆ ಐವತ್ತು ತುಂಬಿದರೂ ಬೀಗದ ಕೈ ಸೊಂಟದಿಂದ ಬಿಚ್ಚದ ಯಜಮಾನರು ನಮ್ಮ ಅವಿಭಕ್ತ ಕುಟುಂಬಗಳಲ್ಲಿಯೂ ಇದ್ದರಲ್ಲವೆ?

ಲೆಕ್ಕ ಕೇಳುವ ದಿನ ೧೯೧೪ರಲ್ಲಿ ಬಂತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರದ ಕಣ್ಣಿಗೆ ಜರ್ಮನ್ ಮಿಷನರಿಗಳು ಶತ್ರುದೇಶದ ಪ್ರಜೆಗಳಾದರು. ಅವರನ್ನು ಅಹಮದ್‌ನಗರದ ಶಿಬಿರದಲ್ಲಿ ಬಂಧನದಲ್ಲಿಟ್ಟರು. ಮುಂದೆ ಸ್ವದೇಶಕ್ಕೆ ಸಾಗಿಸಿದರು. ವ್ಯಾಪಾರ ಸಂಘದ ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡು, ೧೯೧೯ರಲ್ಲಿ ಹುಟ್ಟಿದ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ವಹಿಸಿತು. ಐವತ್ತು ಅರುವತ್ತು ವರ್ಷ ಬೆವರು ಸುರಿಸಿ ಬೆಳೆಸಿದ ಉದ್ಯಮ ಒಂದು ಸಹಿಯಿಂದ ಕೈಬದಲಾಯಿತು. ಹೆಂಚು ತಟ್ಟಿದವರನ್ನು ಯಾರೂ ಕೇಳಲಿಲ್ಲ. ಕೇಳಬೇಕಾದ ಕಾರಣವೂ ಕಾನೂನಿನಲ್ಲಿರಲಿಲ್ಲ. ಆಸ್ತಿ ದೂರದ ದೇಶದ ಸಂಘದ ಹೆಸರಿನಲ್ಲಿತ್ತು. ಹಾಗಿದ್ದುದರಿಂದಲೇ ಅದು ಯುದ್ಧದ ಬಲೆಗೆ ಬಿತ್ತು. ನಿಸ್ವಾರ್ಥತೆಯಿಂದ ಗಳಿಸಿದುದನ್ನೂ ಸಕಾಲದಲ್ಲಿ ಸರಿಯಾದ ಕೈಗೆ ಒಪ್ಪಿಸದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ಆದರೆ ಆ ದಿನಗಳು ಇನ್ನೊಂದನ್ನೂ ತೋರಿಸಿದವು. ಮಿಷನರಿಗಳು ಹೋದರೂ ಸಭೆಗಳು ಚದುರಿಹೋಗಲಿಲ್ಲ. ಮಲಬಾರಿನ ಸಭೆಗಳು ೧೯೧೯ರಲ್ಲಿ ದಕ್ಷಿಣ ಇಂಡಿಯಾದ ಐಕ್ಯ ಸಭೆಯೊಡನೆ ಕೂಡಿಕೊಂಡವು. ಕನ್ನಡ ಸೀಮೆಯಲ್ಲಿ ಕೆನರೀಸ್ ಇವಾಂಜಲಿಕಲ್ ಮಿಷನ್ ಎಂಬ ಹೆಸರಿನಲ್ಲಿ ತಾತ್ಕಾಲಿಕ ವ್ಯವಸ್ಥೆಯಾಯಿತು. ನಿತ್ಯದ ಭಾರವನ್ನು ಹೊತ್ತವರು ಮಾತ್ರ ಇಲ್ಲಿನ ಸಭಾಪಾಲಕರು, ಉಪದೇಶಿಗಳು, ಹಿರಿಯರು, ಶಾಲೆಯ ಉಪಾಧ್ಯಾಯರು. ಅಲ್ಪ ಸಂಬಳದಲ್ಲಿ, ಕೆಲವೊಮ್ಮೆ ಅದೂ ಹೊತ್ತಿಗೆ ಸಿಕ್ಕದೆ, ಅವರು ಶಾಲೆಯ ಬಾಗಿಲು ತೆರೆದರು, ಸತ್ತವರನ್ನು ಮಣ್ಣು ಮಾಡಿದರು, ಮದುವೆ ನಡೆಸಿದರು, ಭಾನುವಾರದ ಗಂಟೆ ಬಾರಿಸಿದರು. ಇನ್ನೂ ಮಕ್ಕಳೆಂದು ತಿಳಿದಿದ್ದವರು ಮನೆ ನಡೆಸಿದರು. ಬಾಸೆಲ್ಲಿನಿಂದ ಮಿಷನರಿಗಳು ಮತ್ತೆ ೧೯೨೦ರ ದಶಕದಲ್ಲಿ ಬಂದಾಗ ಅವರ ಮುಂದೆ ನಿಂತಿದ್ದ ಸಭೆ ಅವರು ಬಿಟ್ಟುಹೋದ ಸಭೆಯಾಗಿರಲಿಲ್ಲ.

೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆ ಸ್ಥಾಪಿತವಾಯಿತು. ಆಂಗ್ಲಿಕನ್, ಮೆಥಡಿಸ್ಟ್, ಐಕ್ಯ ಸಭೆಗಳ ಕೂಟವದು. ದೇಶ ಸ್ವತಂತ್ರವಾಗಿ ಆರು ವಾರಗಳಷ್ಟೇ ಆಗಿದ್ದವು. ಕನ್ನಡ ಸೀಮೆಯ ಬಾಸೆಲ್ ಸಭೆಗಳು ಮುಂದಿನ ದಶಕಗಳಲ್ಲಿ ಅದನ್ನು ಸೇರಿದವು. ಬಲ್ಮಠದ ಹಳೆಯ ವೇದಶಾಲೆಯ ನೆಲೆಯಲ್ಲಿ ೧೯೬೫ರಲ್ಲಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆರಂಭವಾಯಿತು. ಬೀಗದ ಕೈ ಕೊನೆಗೂ ಈ ನೆಲದ ಮಕ್ಕಳ ಕೈಗೆ ಬಂತು.

ಬೀಗದ ಕೈ ಬಂದ ಮೇಲೆ ಪರೀಕ್ಷೆ ಮುಗಿಯಿತೆಂದು ಯಾರಾದರೂ ತಿಳಿದಿದ್ದರೆ ಅದು ಭ್ರಮೆ. ನಿಜವಾದ ಪರೀಕ್ಷೆ ಅಲ್ಲಿಂದಲೇ ಆರಂಭ. ನೂರು, ನೂರೈವತ್ತು ವರ್ಷಗಳ ಹಿಂದೆ ಊರ ಹೊರಗಿನ ಗುಡ್ಡ, ಪಾಳು ಎಂದು ಸುಲಭವಾಗಿ ದೊರೆತ ನೆಲ ಇಂದು ನಗರಗಳ ನಡುಮಧ್ಯೆ ಇದೆ. ಅಂಕಣದ ಲೆಕ್ಕದಲ್ಲಿ ಬೆಲೆ ಕಟ್ಟುವ ಜಾಗವದು. ಸಭೆಗಳ ಆಸ್ತಿ ಎಲ್ಲಿದೆಯೋ ಅಲ್ಲೆಲ್ಲ, ಯಾವ ಪಂಗಡವೆಂದು ಹೆಸರಿಸುವ ಅಗತ್ಯವಿಲ್ಲ, ಗುತ್ತಿಗೆಯ ವ್ಯಾಜ್ಯ, ಚುನಾವಣೆಯ ಜಗಳ, ನ್ಯಾಯಾಲಯದ ಅಲೆದಾಟಗಳ ಸುದ್ದಿ ಕೇಳಿಬರುತ್ತದೆ. ದೇವಸ್ಥಾನದ ಉಂಬಳಿ, ಮಠದ ಜಮೀನು, ವಕ್ಫಿನ ಆಸ್ತಿ ಇವುಗಳ ಕಥೆಯೂ ಇದಕ್ಕಿಂತ ತೀರ ಬೇರೆಯಲ್ಲ. ದೇವರ ಹೆಸರಿನಲ್ಲಿರುವ ಭೂಮಿಗೆ ದೇವರು ಬಂದು ಕಚೇರಿಯಲ್ಲಿ ಸಾಕ್ಷಿ ಹೇಳುವುದಿಲ್ಲವೆಂಬ ಧೈರ್ಯ ಮನುಷ್ಯನಿಗೆ ಎಲ್ಲ ಕಾಲದಲ್ಲಿಯೂ ಇದ್ದುದೇ. ಅಂದಿನ ಪರದೇಶಿ ಮನೆವಾರ್ತೆಯವರ ಮೇಲೆ ನಾವು ಹೊರಿಸುವ ಆಕ್ಷೇಪ ಅವರು ಒಪ್ಪಿಸಲು ತಡಮಾಡಿದರೆಂಬುದು. ಅವರು ತಮಗಾಗಿ ತೆಗೆದುಕೊಂಡರೆಂದು ಹೇಳುವುದು ಕಷ್ಟ. ಇಂದಿನ ಮನೆವಾರ್ತೆಯವರ ಬಗ್ಗೆ ಮುಂದಿನ ಚರಿತ್ರೆಕಾರ ಏನು ಬರೆಯಬಹುದು ಎಂಬ ಚಿಂತೆ ಆಯಾ ಮಂಡಲಿಗಳಲ್ಲಿ ಕುಳಿತವರಿಗೆ ಇರಬೇಕು.

ಸಭೆಯ ಬಾಳು ಆಸ್ತಿಪತ್ರಗಳಲ್ಲಿ ಮಾತ್ರ ಇಲ್ಲವೆಂಬುದೇ ಇಲ್ಲಿ ಸಮಾಧಾನ. ನಮ್ಮ ನಾಡಿನ ಅನೇಕ ಸಭೆಗಳಲ್ಲಿ ಹಿಡಿ ಅಕ್ಕಿಯ ಪದ್ಧತಿಯೊಂದು ಬಹುಕಾಲದಿಂದ ನಡೆದುಬಂದಿದೆ. ಮನೆಯ ಗೃಹಿಣಿ ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುತ್ತಾಳೆ. ವಾರದ ಕೊನೆಗೆ ಅದು ಸಭೆಗೆ ಹೋಗುತ್ತದೆ. ಬಡವರಿಗೆ, ಉಪದೇಶಿಯ ಮನೆಗೆ, ಸಭೆಯ ಖರ್ಚಿಗೆ ಒದಗುತ್ತದೆ. ಸುಗ್ಗಿಯ ಕಾಲದ ಬೆಳೆಹಬ್ಬದಲ್ಲಿ ಬಾಳೆಗೊನೆ, ತೆಂಗಿನಕಾಯಿ, ಕುಂಬಳ, ಮನೆಯ ಕೋಳಿ, ಬೆಳೆದ ಭತ್ತ, ಹೀಗೆ ಅವರವರ ಮನೆಯ ಮೊದಲ ಫಲವನ್ನು ತಂದು ದೇವರ ಮುಂದಿಡುತ್ತಾರೆ; ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಏಲಂ ನಡೆಯುತ್ತದೆ. ಒಂದು ಕುಂಬಳಕಾಯಿಗೆ ಪೇಟೆಯ ಬೆಲೆಯ ಹತ್ತರಷ್ಟು ಕೂಗಿದವನು ನಷ್ಟವಾಯಿತೆಂದು ಕೊರಗುವುದಿಲ್ಲ. ಕೊಂಡದ್ದನ್ನು ತಿರುಗಿ ಸಭೆಗೇ ಕೊಟ್ಟು ಎರಡನೆಯ ಸಲ ಕೂಗಿಸುವವರೂ ಉಂಟು. ಕಾರ್ಖಾನೆಯ ಲಾಭದಿಂದ ನಡೆಯುತ್ತಿದ್ದ ಸಭೆ ಹಿಡಿ ಅಕ್ಕಿಯಿಂದ ನಡೆಯಲು ಕಲಿತಾಗ ಅದರ ಬೆನ್ನು ನೆಟ್ಟಗಾಯಿತು.

ಹಿಡಿ ಅಕ್ಕಿಯ ಮಾತು ಬಂದಾಗ ಬೋಧಕರು ಸಾಮಾನ್ಯವಾಗಿ ನೆನಪಿಸುವುದು ಬಡ ವಿಧವೆಯ ಎರಡು ಕಾಸುಗಳ ಕಥೆಯನ್ನು. ಐಶ್ವರ್ಯವಂತರು ತಮಗೆ ಮಿಕ್ಕುದರಿಂದ ಕಾಣಿಕೆ ಹಾಕಿದರೆ ಆಕೆ ತನ್ನ ಜೀವನವನ್ನೇ ಹಾಕಿದಳೆಂದು ಯೇಸು ಆಕೆಯನ್ನು ಎತ್ತಿ ಹಿಡಿದನು. ಕಾಣಿಕೆಯ ಭಾನುವಾರದಲ್ಲಿ ಇದಕ್ಕಿಂತ ಒಪ್ಪುವ ಕಥೆಯಿಲ್ಲ. ಆದರೆ ಮಾರ್ಕನ ಸುವಾರ್ತೆಯಲ್ಲಿ ಈ ಕಥೆಯ ಹಿಂದಿನ ಸಾಲುಗಳನ್ನು ಅದರೊಡನೆ ಸೇರಿಸಿ ಓದುವವರು ವಿರಳ. ಉದ್ದ ನಿಲುವಂಗಿ ತೊಟ್ಟು, ಪೇಟೆಯಲ್ಲಿ ವಂದನೆಗಳನ್ನೂ ಸಭಾಮಂದಿರದಲ್ಲಿ ಮುಖ್ಯ ಪೀಠಗಳನ್ನೂ ಬಯಸುತ್ತ, ವಿಧವೆಯರ ಮನೆಗಳನ್ನು ನುಂಗಿ, ನೀಳವಾದ ಪ್ರಾರ್ಥನೆ ಮಾಡುವ ಶಾಸ್ತ್ರಿಗಳ ವಿಷಯದಲ್ಲಿ ಎಚ್ಚರಿಕೆಯ ಮಾತುಗಳು ಅಲ್ಲಿವೆ. ಆ ಮಾತು ಮುಗಿಯುತ್ತಿದ್ದಂತೆಯೇ ವಿಧವೆ ಬಂದು ಕಾಸು ಹಾಕುತ್ತಾಳೆ. ಎರಡನ್ನೂ ಒಟ್ಟಿಗೆ ಓದಿದಾಗ ಕಥೆ ಕೊಡುವವಳಿಗೆ ಹೊಗಳಿಕೆಯಾಗಿ ಉಳಿಯುವುದರ ಜೊತೆಗೆ ತೆಗೆದುಕೊಳ್ಳುವವರಿಗೆ ವಿಚಾರಣೆಯೂ ಆಗುತ್ತದೆ. ಆಕೆ ತನ್ನ ಲೆಕ್ಕವನ್ನು ಒಪ್ಪಿಸಿ ಹೋದಳು. ಆ ಎರಡು ಕಾಸುಗಳನ್ನು ಭಂಡಾರದ ಪೆಟ್ಟಿಗೆಯಿಂದ ತೆಗೆದು ಎಣಿಸಿದವರ ಲೆಕ್ಕ ಇನ್ನೂ ಬಾಕಿ.

ಮನೆವಾರ್ತೆಯ ಹೊರೆಯನ್ನು ಶತಮಾನಗಳಿಂದ ವಿಶ್ವಾಸಿಯ ಹೆಗಲಿಗೆ ಏರಿಸಿ, ದಶಮಾಂಶ ಕೊಟ್ಟೆಯಾ, ಹಿಡಿ ಅಕ್ಕಿ ತೆಗೆದೆಯಾ ಎಂದು ಕೇಳುತ್ತ ಬಂದಿದ್ದೇವೆ. ಕೇಳಬಾರದೆಂದಲ್ಲ. ಆದರೆ ಪೌಲನು ಕೇಳಿಸಿಕೊಳ್ಳಲು ಸಿದ್ಧನಾಗಿದ್ದ ಪ್ರಶ್ನೆ ಇನ್ನೊಂದು: ಕೊಟ್ಟದ್ದು ಎಲ್ಲಿಗೆ ಹೋಯಿತು, ಯಾರ ಮೂಲಕ ಹೋಯಿತು, ನೋಡಿದವರು ಯಾರು? ಗ್ರೀಕ್ ಮಾತಾಡುವ ವಿಧವೆಯರು ಕೇಳಿದ್ದೂ ಅದನ್ನೇ. ಆ ಪ್ರಶ್ನೆಯನ್ನು ಕೇಳುವ ಸ್ವಾತಂತ್ರ್ಯ ಹೆಂಚು ತಟ್ಟುವವನಿಗೆ ೧೯೧೪ಕ್ಕೆ ಮುಂಚೆ ಇರಲಿಲ್ಲ. ಇಂದು ಆತನ ಮೊಮ್ಮಕ್ಕಳಿಗೆ ಇದೆ. ಸಭೆಯ ವಾರ್ಷಿಕ ಕೂಟದಲ್ಲಿ ಎದ್ದುನಿಂತು ಲೆಕ್ಕದ ಪ್ರತಿಯನ್ನು ಕೇಳುವ ಸಾಮಾನ್ಯ ಸದಸ್ಯನನ್ನು ತಂಟೆಕೋರನೆಂದು ಕೂರಿಸದೆ, ಅವನ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಕೊಡುವ ಹಿರಿಯರಿರುವ ಕಡೆ ಮನೆವಾರ್ತೆ ನೆಟ್ಟಗೆ ನಡೆಯುತ್ತಿದೆಯೆಂದು ತಿಳಿಯಬಹುದು.

ಕರಾವಳಿಯ ಹಳೆಯ ಮನೆಗಳ ಮಾಡಿನ ಮೇಲೆ ಬಾಸೆಲ್ ಮಿಷನ್ನಿನ ಮುದ್ರೆಯೊತ್ತಿದ ಹೆಂಚುಗಳು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತವೆ. ೧೮೬೫ ಎಂಬ ವರ್ಷವನ್ನು ಮೈಮೇಲೆ ಹೊತ್ತ ಆ ಹೆಂಚುಗಳ ಅಡಿಯಲ್ಲಿ ಎಲ್ಲ ಮತಗಳವರೂ ಎಷ್ಟೋ ಮಳೆಗಾಲಗಳನ್ನು ಕಳೆದಿದ್ದಾರೆ. ಅದನ್ನು ಮಾಡಿದ ಸಂಘದ ಕೈಯಿಂದ ಕಾರ್ಖಾನೆ ಹೋಗಿ ನೂರು ವರ್ಷಗಳ ಮೇಲಾಯಿತು. ಹೆಂಚು ಮಾತ್ರ ಯಾವ ಮನೆಗೆ ಸಂದಿತೋ ಆ ಮನೆಯನ್ನು ಕಾಯುತ್ತಿದೆ.